ಗಾಜಣ್ಣನ ದೂರು ಪೆಟ್ಟಿಗೆ

ಗಾಜಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅದಕ್ಕೇ ಅಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ಫೋಟೊ, ಪ್ರಶಸ್ತಿ ಪತ್ರಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅವನದು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಳ್ಳಬೇಕಾದಂಥ ಆ ಇಕ್ಕಟ್ಟಿನಲ್ಲಿ ಬೀದಿಯ ಮಾನ ಮರ್ಯಾದೆಯೆಲ್ಲ ಸಾಲಾಗಿ ಒರಗಿಕೊಂಡು ಗಾಜಿಗೆ ಕಾಯುತ್ತಿತ್ತು. ಗಾಜು ಕೂರಿಸಬಹುದಾದ ವಸ್ತು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಮನೆಯ ಕರೆಂಟ್ ಬಿಲ್ಲಿಗೇ ಕಟ್ಟು ಹಾಕಿ ತೂಗುಬಿಟ್ಟಿದ್ದ. ಹೆಂಡತಿ ಅದನ್ನು ಚೌಕಟ್ಟಿನ ಸಮೇತ ಹೊತ್ತುಕೊಂಡು ಹೋಗಿ, ಕೌಂಟರಿನ ಕಿಂಡಿಯಲ್ಲಿ ತೂರಿಸಲಾಗದೆ, ಹಿಂದೆ ನಿಂತವರಿಂದೆಲ್ಲ ಬೈಸಿಕೊಂಡು ಬಂದಿದ್ದಳು.

ಇಂಥ ಗಾಜಣ್ಣನಿಗೆ ಒಂದು ಕೊರಗಿತ್ತು. ಊರಿನವರ ಹೆಸರಿಗೆಲ್ಲ ಗಾಜು ಹಾಕಿದವನಿಗೆ ತನ್ನ ಹೆಸರಿನ ಒಂದು ಕಾಗದವೂ ಇರಲಿಲ್ಲ. ಈ ಕೊರಗಿಗೆ ದಿನವೂ ಉಪ್ಪು ಹಾಕಿ ಉಜ್ಜುತ್ತಿದ್ದವನು ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ ಎಂಬುದೊಂದೇ ಅರ್ಹತೆಯ ಮೇಲೆ ಆತ ಗಾಜಣ್ಣನನ್ನು ಜೀವಮಾನವಿಡೀ ಕೀಳಾಗಿ ಕಾಣಲು ಲೈಸೆನ್ಸ್ ಪಡೆದಿದ್ದ. ಅವನ ಮನೆಯ ಪಡಸಾಲೆಯಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ. ವೇಗದ ನಡಿಗೆಯಲ್ಲಿ ಸಮಾಧಾನಕರ ಬಹುಮಾನ, ಶುಚಿತ್ವದ ಉಪನ್ಯಾಸಕ್ಕೆ ಹಾಜರಾದದ್ದಕ್ಕೆ ಮೆಚ್ಚುಗೆ, ಹಾಜರಾಗದಿದ್ದುದಕ್ಕೆ ವಿಷಾದ, ಎಲ್ಲಕ್ಕೂ ಕಟ್ಟು. ಎಲ್ಲವನ್ನೂ ಹಾಕಿದವನು ಗಾಜಣ್ಣನೇ, ನೆಂಟರ ದರದಲ್ಲಿ, ಅಂದರೆ ಬಿಟ್ಟಿ.

"ನಿನ್ನ ಗೋಡೆ ಯಾಕಪ್ಪಾ ಹಾಗೆ ಬೋಳು ಬೋಳು?" ಎಂದು ಷಡ್ಡಕ ಬಂದಾಗಲೆಲ್ಲ ಕೇಳುತ್ತಿದ್ದ. "ಸುಣ್ಣ ಆದ್ರೂ ಹೊಡಿಸಬಾರದಾ? ಏನಾದ್ರೂ ಮಾಡಿದ ಹಾಗಿರುತ್ತೆ."

ಹೀಗಿರುವಾಗ ಬೀದಿಯ ಕೊನೆಯ ಆರೋಗ್ಯ ಕೇಂದ್ರದಿಂದ ಅವನ ಭಾಗ್ಯ ತೆರೆಯಿತು.

ಆ ಕೇಂದ್ರದಲ್ಲಿ ಒಬ್ಬ ಡಾಕ್ಟರಮ್ಮ, ಒಬ್ಬ ಸಿಸ್ಟರಮ್ಮ, ಸದಾ ತೊಟ್ಟಿಕ್ಕುವ ಒಂದು ನಲ್ಲಿ ಮತ್ತು ಒಂದು ಬೆಂಚು ಇದ್ದವು. ಬೆಂಚಿನ ವಿಷಯ ಸ್ವಲ್ಪ ಹೇಳಬೇಕು. ಅದರ ಒಂದು ತುದಿಯ ಕಾಲು ಮುರಿದು ಯಾವ ಕಾಲವೋ ಆಗಿತ್ತು. ಇನ್ನೊಂದು ತುದಿಯಲ್ಲಿ ತೂಕದವರು ಕುಳಿತಿರುವ ತನಕ ಅದು ಬೆಂಚು. ಅವರು ಎದ್ದರೆ ಜಾರುಬಂಡೆ. ಆದ್ದರಿಂದ ಅಲ್ಲಿನ ರೋಗಿಗಳು ಸರತಿಯಲ್ಲಿ ಏಳದೆ ಒಟ್ಟಿಗೇ ಎದ್ದು ಒಟ್ಟಿಗೇ ಕೂರುವ ಶಿಸ್ತನ್ನು ರೂಢಿಸಿಕೊಂಡಿದ್ದರು. ಹೊರಗಿನಿಂದ ನೋಡಿದವರಿಗೆ ಕವಾಯತು ನಡೆಯುತ್ತಿದೆ ಅನ್ನಿಸುತ್ತಿತ್ತು.

ಗಾಜಣ್ಣನ ಅಮ್ಮನಿಗೆ ಕಾಲಿನಲ್ಲಿ ಬಹಳ ದಿನದಿಂದ ಮಾಯದ ಒಂದು ಹುಣ್ಣು. ಸಿಸ್ಟರಮ್ಮ ಅದನ್ನು ಒಂದು ದಿನವೂ ಮುಖ ಸಿಂಡರಿಸದೆ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಮನೆಯಿಂದ ಅಲ್ಲಿಗೆ ಕೋಲೂರಿಕೊಂಡು ಹೋಗಿಬರುವುದು ಅಮ್ಮನಿಗೆ ಔಷಧವೂ ಹೌದು, ಹರಟೆಯೂ ಹೌದು, ಸೊಸೆಯಿಂದ ಬಿಡುವೂ ಹೌದು. ಒಂದು ಬೆಳಿಗ್ಗೆ ಅಮ್ಮನನ್ನು ಕರೆತಂದ ಗಾಜಣ್ಣನನ್ನು ಡಾಕ್ಟರಮ್ಮ ಬಾಗಿಲಲ್ಲೇ ಹಿಡಿದಳು.

"ಮೇಲಿನಿಂದ ಹೊಸ ನಿಯಮ ಬಂದಿದೆ. ಪ್ರತಿ ಕೇಂದ್ರದ ಸಮಿತಿಯಲ್ಲೂ ಜನರ ಕಡೆಯಿಂದ ಒಬ್ಬ ಸದಸ್ಯ ಇರಲೇಬೇಕಂತೆ. ನಾವು ಸರಿಯಾಗಿ ಕೆಲಸ ಮಾಡ್ತೀವೋ ಇಲ್ಲವೋ ನೋಡೋಕೆ. ಸೈಕಲ್ ಶಾಪಿನವರನ್ನ ಕೇಳಿದೆ, ಇಂಜೆಕ್ಷನ್ ಅಂದುಕೊಂಡು ಓಡಿಹೋದ್ರು. ನೀವು ಆಗ್ತೀರಾ?"

ಗಾಜಣ್ಣ ಯೋಚಿಸಿದ. ಜವಾಬ್ದಾರಿಯ ಬಗ್ಗೆ ಯೋಚಿಸಿದನೆಂದು ಓದುಗರು ತಪ್ಪು ತಿಳಿಯಬಾರದು.

"ಲಿಖಿತ ಆದೇಶ ಕೊಡ್ತಾರಾ ಮೇಡಂ?"

"ಕೊಡ್ತಾರೆ."

"ಮೊಹರು?"

"ಹಾಕ್ತಾರೆ."

"ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಾ?"

ಡಾಕ್ಟರಮ್ಮ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಹೀಗೆ ಗಾಜಣ್ಣ ಸಾರ್ವಜನಿಕ ಸದಸ್ಯನಾದ.

ಆದೇಶ ಬಂದ ದಿನ ಅವನು ಅಂಗಡಿಯ ಬಾಗಿಲೆಳೆದು ಒಳಗೆ ಕುಳಿತ. ಚಿನ್ನದ ಬಣ್ಣದ ಅಗಲ ಪಟ್ಟಿ, ಒಳಗೊಂದು ಕೆಂಪು ಮಖಮಲ್ಲಿನ ಅಂಚು, ಗುಳ್ಳೆಯಿಲ್ಲದ ಗಾಜು. ಮನೆಯ ಪಡಸಾಲೆಯಲ್ಲಿ ತೂಗುಹಾಕಿ, ಬಂದವರ ಕಣ್ಣಿಗೆ ಬೀಳದೇ ಹೋದೀತೆಂದು ಮೇಲೊಂದು ದೀಪ ಇಟ್ಟ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗಾಜಣ್ಣ ನಡುಮಧ್ಯಾಹ್ನ ದೀಪ ಹಚ್ಚಿದ, ಅಷ್ಟೇ ವ್ಯತ್ಯಾಸ.

ಸಂಜೆ ಷಡ್ಡಕ ಬಂದ. ಕನ್ನಡಕ ಏರಿಸಿ ಇಡೀ ಆದೇಶವನ್ನು ಒಂದಕ್ಷರ ಬಿಡದೆ ಓದಿದ. ಗಾಜಣ್ಣನ ಹೆಂಡತಿ ಟೀ ತಂದು ಕೊಟ್ಟು ಅಲ್ಲೇ ನಿಂತಳು.

"'ದೂರು ಪೆಟ್ಟಿಗೆಯ ಸಂಪೂರ್ಣ ಹೊಣೆ ಸದಸ್ಯನದು'" ಎಂದು ಷಡ್ಡಕ ಕೊನೆಯ ಸಾಲನ್ನು ಎರಡು ಸಲ ಓದಿದ. "ದೂರು ಪೆಟ್ಟಿಗೆ ಅಂದ್ರೆ ಆ ಬಾಗಿಲ ಹತ್ತಿರ ನೇತಾಕಿದಾರಲ್ಲ, ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬ? ಅದಕ್ಕೆ ನೀನು ಹೊಣೆಯಾ?"

"ಹೌದಣ್ಣಾ."

"ಡಬ್ಬದ ಕಾವಲುಗಾರ ಅನ್ನು!" ಷಡ್ಡಕ ನಕ್ಕ ರಭಸಕ್ಕೆ ಟೀ ಮೂಗಿಗೆ ಹತ್ತಿತು. ಕೆಮ್ಮುತ್ತಾ ನಕ್ಕ, ನಗುತ್ತಾ ಕೆಮ್ಮಿದ. "ಅದಕ್ಕೆ ದೀಪ ಬೇರೆ! ಕರೆಂಟ್ ಬಿಲ್ಲಿಗೂ ಕಟ್ಟು ಹಾಕಿಟ್ಟಿರು!"

ಗಾಜಣ್ಣನಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಹೋಗಿ ತುಕ್ಕು ಹಿಡಿದ ಡಬ್ಬವನ್ನು ಮೊಳೆಯಿಂದ ಕಿತ್ತು ಅಂಗಡಿಗೆ ತಂದ. ಮುಂದಿನ ಕೆಲವು ದಿನ ಅಲ್ಲಿಂದ ಗರಗಸದ ಸದ್ದು, ಸುತ್ತಿಗೆಯ ಸದ್ದು, ನಡುನಡುವೆ ತೃಪ್ತಿಯ ನಿಟ್ಟುಸಿರಿನ ಸದ್ದು ಕೇಳಿಬಂತು. ಹೊರಬಂದದ್ದು ಪೆಟ್ಟಿಗೆಯಲ್ಲ, ಅರಮನೆ. ಕೆತ್ತನೆಯ ಚೌಕಟ್ಟು, ಹಿಂಬದಿಗೆ ನೀಲಿ ಮಖಮಲ್ಲು, ಮುಂದೆ ಗಾಜು, ಪಕ್ಕಗಳಿಗೆ ಗಾಜು, ತಲೆಯ ಮೇಲೆ ಗಾಜು. 'ದೂರು ಪೆಟ್ಟಿಗೆ' ಎಂದು ಬಂಗಾರದ ಅಕ್ಷರ. ಅಂಚುಗಳಿಗೆಲ್ಲ ಪಟ್ಟಿ ಬಡಿದು ಅಂಟು ಹಾಕಿ, "ಇನ್ನು ಧೂಳಲ್ಲ, ಇರುವೆಯಲ್ಲ, ಗಾಳಿಯೂ ಒಳಗೆ ನುಗ್ಗಲಿ ನೋಡೋಣ!" ಎಂದು ಸವಾಲು ಹಾಕಿದ.

ಅವನು ಮಾತು ತಪ್ಪುವವನಲ್ಲ. ಏನೂ ನುಗ್ಗಲಿಲ್ಲ.

ಪೆಟ್ಟಿಗೆಗೆ ಒಳ್ಳೆಯ ಹೆಸರು ಬಂತು. ರೋಗಿಗಳು ಅದರ ಗಾಜಿನಲ್ಲಿ ತಲೆ ಬಾಚಿಕೊಂಡರು. ಮಕ್ಕಳು ನಾಲಿಗೆ ಚಾಚಿ ನೋಡಿಕೊಂಡವು. ಪೆಟ್ಟಿಗೆ ಬಂದ ಹೊಸದರಲ್ಲಿ ಡಾಕ್ಟರಮ್ಮ ಒಮ್ಮೆ ನೋಡಿ "ತುಂಬಾ ಚೆನ್ನಾಗಿದೆ" ಎಂದು ಹೇಳಿ ಒಳಗೆ ಓಡಿದಳು; ಒಳಗೆ ಯಾವಾಗಲೂ ಯಾವುದೋ ಮಗು ಅಳುತ್ತಿರುತ್ತಿತ್ತು, ನಿಂತು ನೋಡುವಷ್ಟು ಪುರುಸೊತ್ತು ಯಾರಿಗಿತ್ತು? ತಿಂಗಳಿಗೊಮ್ಮೆ ಸಮಿತಿ ಸೇರಿದಾಗ ಗಾಜಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದ್ದು ನಿಂತು ವರದಿ ಒಪ್ಪಿಸುತ್ತಿದ್ದ.

"ದೂರು ಪೆಟ್ಟಿಗೆ ಖಾಲಿ. ತೆರೆಯೋ ಅಗತ್ಯವೇ ಇಲ್ಲ ಮೇಡಂ, ಹೊರಗಿನಿಂದಲೇ ಕಾಣುತ್ತೆ. ಪಾರದರ್ಶಕ ಆಡಳಿತ!"

"ನಾವು ಅಷ್ಟೊಂದು ಚೆನ್ನಾಗಿ ಕೆಲಸ ಮಾಡ್ತಿದೀವಾ?" ಎಂದು ಡಾಕ್ಟರಮ್ಮ ಅಚ್ಚರಿಪಡುತ್ತಿದ್ದಳು.

"ನನಗಂತೂ ನಂಬಿಕೆ ಇಲ್ಲ" ಎನ್ನುತ್ತಿದ್ದಳು ಸಿಸ್ಟರಮ್ಮ. "ಈ ಬೆಂಚಿನ ಮೇಲೆ ಕೂತು ಬಿದ್ದವರು ಬೈಯದೆ ಇರ್ತಾರಾ? ನಾನೇ ಬೈದಿದೀನಿ."

ಆದರೂ ವರದಿ ಮೇಲಕ್ಕೆ ಹೋಯಿತು. ಪ್ರತಿ ಸಲವೂ ದೂರು ಸೊನ್ನೆ. ಗಾಜಣ್ಣ ಆ ಸೊನ್ನೆಯನ್ನು ತನ್ನ ಸ್ವಂತ ಸಂಪಾದನೆಯೆಂಬಂತೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಪ್ರಶಸ್ತಿಯೊಂದು ಬಂದೇ ಬರುತ್ತದೆಂದು ಗೋಡೆಯಲ್ಲಿ ಮೊಳೆಯನ್ನೂ ಹೊಡೆದಿಟ್ಟ.

ಬಂದದ್ದು ಪ್ರಶಸ್ತಿಯಲ್ಲ. ಡಾಕ್ಟರಮ್ಮ ಅವನನ್ನು ಕರೆಸಿ, ಬಾಗಿಲು ಹಾಕಿ, ಬೆಳ್ಳಗಾದ ಮುಖದಲ್ಲಿ ಹೇಳಿದಳು.

"ಮೇಲೆ ಹೊಸ ಅಧಿಕಾರಿ ಬಂದಿದಾರೆ. ಅವರ ಲೆಕ್ಕ ಬೇರೆ. ಜನ ಬರೋ ಕಡೆ ದೂರು ಇದ್ದೇ ಇರುತ್ತೆ, ದೂರೇ ಇಲ್ಲ ಅಂದ್ರೆ ಜನರೇ ಬರ್ತಿಲ್ಲ ಅಂತ ಅರ್ಥ ಅಂತೆ. ಅಂಥ ಕೇಂದ್ರಗಳನ್ನೆಲ್ಲ ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸ್ತಿದಾರೆ. ಬರೋ ವಾರ ಇಲ್ಲಿಗೆ ಬರ್ತಾರೆ. ಜನರ ಎದುರಿಗೇ ಕೇಳ್ತಾರೆ, ಪೆಟ್ಟಿಗೇನೂ ತೆಗೆಸಿ ನೋಡ್ತಾರೆ. ಒಂದೂ ದೂರು ಸಿಗಲಿಲ್ಲ ಅಂದ್ರೆ ಬೀಗ. ಈ ವಿಷಯ ಸದ್ಯ ನಿಮ್ಮಲ್ಲೇ ಇರಲಿ, ಜನ ಗಾಬರಿಯಾಗ್ತಾರೆ."

"ದೊಡ್ಡಾಸ್ಪತ್ರೆ ಅಂದ್ರೆ... ಎರಡು ಬಸ್ಸು ಬದಲಾಯಿಸಿ ಹೋಗಬೇಕಲ್ಲ ಮೇಡಂ?"

"ಹೌದು."

ಗಾಜಣ್ಣನಿಗೆ ಬಸ್ಸಿನ ಮೆಟ್ಟಿಲು ಕಣ್ಣಿಗೆ ಕಟ್ಟಿತು. ಅದರ ಕೆಳಗೆ ಕೋಲು ಹಿಡಿದು ನಿಂತ ಅಮ್ಮ, ಮೇಲೆ ಎತ್ತಲಾಗದ ಆ ಕಾಲು.

"ಹೆದರಬೇಡಿ ಮೇಡಂ" ಎಂದ. "ನಾನು ಸಾರ್ವಜನಿಕ ಸದಸ್ಯ. ದೂರು ತರೋ ಜವಾಬ್ದಾರಿ ನನ್ನದು. ನಮ್ಮ ಬೀದಿಯಲ್ಲಿ ದೂರಿಗೆ ಬರವಾ?"

ಇಲ್ಲಿಂದ ಅವನ ಗ್ರಹಚಾರ ಸುರುವಾಯಿತು.

ಮೊದಲು ಹೋದದ್ದು ಹಿಟ್ಟಿನ ಗಿರಣಿಗೆ. ಗಿರಣಿಯಾಕೆ ಆಳೆತ್ತರದ, ಬಾಗಿಲಗಲದ ಹೆಂಗಸು. ಬೆಂಚಿನ ಆ ತುದಿಯಲ್ಲಿ ಆಕೆ ಕುಳಿತಳೆಂದರೆ ಉಳಿದವರು ನಿಶ್ಚಿಂತೆಯಿಂದ ಕಾಲು ಅಲ್ಲಾಡಿಸುತ್ತಿದ್ದರು.

"ಅಕ್ಕಾ, ಆರೋಗ್ಯ ಕೇಂದ್ರದ ಮೇಲೆ ಏನಾದ್ರೂ ದೂರು ಇದ್ರೆ ಹೇಳಿ" ಎಂದು ಗಾಜಣ್ಣ ಗಿರಣಿಯ ಸದ್ದಿನ ಮೇಲೆ ಕೂಗಿದ.

"ದೂರು ಹಾಕೋಕೆ ಪೆಟ್ಟಿಗೆ ಮಾಡಿಟ್ಟಿದೀಯಲ್ಲ ಮಹರಾಯ!" ಎಂದು ಆಕೆ ಹಿಟ್ಟು ಹತ್ತಿದ ಹುಬ್ಬು ಏರಿಸಿದಳು. "ಅಷ್ಟು ಚಂದದ ಪೆಟ್ಟಿಗೆ ಇರೋವಾಗ ನಿನ್ನ ಕಿವಿಗೆ ಯಾಕೆ ಹಾಕಲಿ?"

ಇದರಲ್ಲಿ ಏನೋ ಕೊಂಕಿದೆ ಎಂದು ಬೇರೆಯವರಿಗಾಗಿದ್ದರೆ ಹೊಳೆಯುತ್ತಿತ್ತು. ಗಾಜಣ್ಣ ಪೆಟ್ಟಿಗೆಯನ್ನು ಹೊಗಳಿದಳೆಂದು ಉಬ್ಬಿ ಸೈಕಲ್ ಶಾಪಿಗೆ ನಡೆದ.

ಸೈಕಲ್ ಶಾಪಿನವ ಹುಟ್ಟಾ ಅನುಮಾನದವನು. ಪಂಕ್ಚರ್ ಆಗಿದೆ ಎಂದು ಗಿರಾಕಿ ಹೇಳಿದರೂ ನಂಬದೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನೋಡಿಯೇ ನಂಬುವವನು.

"ಸಿಸ್ಟರಮ್ಮ ಸರಿಯಾಗಿ ನೋಡ್ಕೊಳ್ಳಲ್ಲ ಅಂತ ಒಂದು ಮಾತು ಹೇಳಿಬಿಡು ಮಾರಾಯ. ಉಪಕಾರ ಆಗುತ್ತೆ" ಎಂದು ಗಾಜಣ್ಣ ದೈನ್ಯದಿಂದ ಕೇಳಿದ.

"ಯಾರಿಗೆ ಉಪಕಾರ?"

"ಎಲ್ಲರಿಗೂ."

"ನನ್ನ ಮಗಳನ್ನ ಭೂಮಿಗೆ ತಂದ ಕೈ ಕಣೋ ಅದು! ಅವಳ ಮೇಲೆ ಚಾಡಿ ಹೇಳು ಅಂತೀಯಾ? ಯಾಕೆ? ನಿನಗೇನು ಸಿಗುತ್ತೆ ಇದರಲ್ಲಿ?"

"ಡಾಕ್ಟರಮ್ಮನ ಮೇಲಾದ್ರೂ..."

ಸೈಕಲ್ ಶಾಪಿನವನ ಕೈಯಲ್ಲಿ ಗಾಳಿ ಪಂಪು ಇತ್ತು. ಗಾಜಣ್ಣ ಅದನ್ನು ನೋಡಿ ಬೇಗ ಮುಂದಕ್ಕೆ ಹೋದ.

ಬೇರೆಯವರು ದೂರು ಕೊಡಲಿಲ್ಲವೆಂದಲ್ಲ. ಬೇಡದ ದೂರನ್ನು ಧಾರಾಳವಾಗಿ ಕೊಟ್ಟರು. ಪಕ್ಕದ ಮನೆಯ ನಾಯಿ ಬೊಗಳುವುದು, ಮಾವನವರ ಗೊರಕೆ, ಮೇಲಿನ ಮನೆಯವರು ಬಟ್ಟೆ ಹಿಂಡುವ ಕ್ರಮ. "ಆರೋಗ್ಯದ ಬಗ್ಗೆ ಹೇಳಿ" ಎಂದರೆ "ಗೊರಕೆ ಆರೋಗ್ಯ ಅಲ್ವಾ? ನನ್ನ ಆರೋಗ್ಯ ಹಾಳಾಗಿರೋದೇ ಅದರಿಂದ!" ಎಂದು ಒಬ್ಬ ಸೊಸೆ ಅವನ ತೋಳು ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಇತ್ತ ಸುದ್ದಿಗೆ ಕಾಲು ಬಂದಿತ್ತು. ಗಾಜಣ್ಣ ದೂರು ಕೇಳುತ್ತಿದ್ದಾನೆ ಎಂದು ಸೈಕಲ್ ಶಾಪಿನಿಂದ ಹೊರಟದ್ದು, ಸಿಸ್ಟರಮ್ಮನನ್ನು ಓಡಿಸಲು ಹೊಂಚು ಹಾಕಿದ್ದಾನೆ ಎಂದು ಗಿರಣಿಗೆ ಮುಟ್ಟಿತು. ಗಿರಣಿಯ ಸದ್ದಿನಲ್ಲಿ ಇನ್ನಷ್ಟು ಬೀಸಿಕೊಂಡು, ಕೇಂದ್ರವನ್ನೇ ಮುಚ್ಚಿಸಿ ಆ ಕಟ್ಟಡದಲ್ಲಿ ದೊಡ್ಡ ಕಟ್ಟಿನಂಗಡಿ ತೆರೆಯುತ್ತಾನೆ ಎಂದು ಹೊರಬಂತು. ಷಡ್ಡಕನನ್ನು ಯಾರೋ ಕೇಳಿದಾಗ ಆತ ಏನೂ ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ನಾಚಿ, "ಮಾತುಕತೆ ನಡೀತಿದೆ. ಈಗಲೇ ಏನೂ ಹೇಳೋ ಹಾಗಿಲ್ಲ" ಎಂದು ಗಂಭೀರವಾಗಿ ತಲೆಯಾಡಿಸಿದ. ಅಲ್ಲಿಗೆ ಮುಗಿಯಿತು.

ಬೀದಿಯವರು ಗಿರಣಿಯ ಮುಂದೆ ಸೇರಿ ಒಂದು ನಿರ್ಧಾರಕ್ಕೆ ಬಂದರು. ಅಧಿಕಾರಿ ಬಂದಾಗ ತಲೆಯ ಮೇಲೆ ತಲೆ ಬಿದ್ದರೂ ಒಬ್ಬರೂ ಒಂದು ದೂರನ್ನೂ ಹೇಳಕೂಡದು. ಹೇಳಿದರೆ ಕೇಂದ್ರ ಹೋಯಿತು. ಕೇಂದ್ರವನ್ನು ಉಳಿಸಲು ಬಾಯಿಗೆ ಬೀಗ! ಪಾಪ, ಎಷ್ಟು ಒಳ್ಳೆಯ ಜನ. ಇಷ್ಟು ಒಳ್ಳೆಯ ಮನಸ್ಸಿನಿಂದ ಇಷ್ಟು ದೊಡ್ಡ ಅನಾಹುತಕ್ಕೆ ಯಾರೂ ಹಿಂದೆಂದೂ ಒಗ್ಗಟ್ಟಾಗಿ ಹೊರಟಿರಲಿಕ್ಕಿಲ್ಲ.

ಅಂದು ಸಂಜೆ ಮನೆಗೆ ಬಂದ ಗಾಜಣ್ಣ ಸೋತು ಸುಣ್ಣವಾಗಿದ್ದ. ಅಮ್ಮನ ಕಾಲ ಬುಡದಲ್ಲಿ ಕುಳಿತ.

"ಅಮ್ಮಾ, ನೀನಾದ್ರೂ ಒಂದು ದೂರು ಕೊಡೇ."

"ಯಾರ ಮೇಲೋ?"

"ಸಿಸ್ಟರಮ್ಮನ ಮೇಲೆ."

ಅಮ್ಮ ಕೋಲು ಎತ್ತಿದಳು. "ನಿನ್ನ ನಾಲಿಗೆ ಸೇದಿಹೋಗ! ಹೆತ್ತ ಮಗ ನೀನು, ಈ ಹುಣ್ಣು ಕಂಡ್ರೆ ಮುಖ ಆ ಕಡೆ ತಿರುಗಿಸ್ತೀಯ. ಅವಳು ತೊಡೆ ಮೇಲೆ ಕಾಲಿಟ್ಕೊಂಡು ತೊಳೀತಾಳೆ. ಅವಳ ಮೇಲೆ ದೂರಾ? ಸತ್ರೂ ಇಲ್ಲ."

"ಕೊಡದೆ ಇದ್ರೆ ಮುಚ್ಚಿಬಿಡ್ತಾರಮ್ಮ!" ಗಾಜಣ್ಣ ಹೇಳಬಾರದೆಂದುಕೊಂಡದ್ದನ್ನೆಲ್ಲ ಹೇಳಿದ, ಹೊಸ ಅಧಿಕಾರಿ, ಅವನ ತಲೆಕೆಳಗಾದ ಲೆಕ್ಕ, ಎರಡು ಬಸ್ಸು. "ಬೀದಿಯವರು ನನ್ನ ಮಾತೇ ಕೇಳ್ತಿಲ್ಲ. ಕಂಡ್ರೆ ಉಗೀತಾರೆ."

ಅಮ್ಮ ಕೋಲು ಕೆಳಗಿಟ್ಟಳು. ಒಳಗಿಂದ ಹೆಂಡತಿ, "ರೀ, ಗೋಡೆಗೆ ಇನ್ನೊಂದು ಮೊಳೆ ಹೊಡೆದಿದೀರಲ್ಲ, ಅದಕ್ಕೆ ನನ್ನ ಸೀರೆ ಸಿಕ್ಕಿ ಹರೀತು. ಅದನ್ನೂ ದೂರು ಅಂತ ತಗೋತೀರಾ?" ಎಂದಳು.

ವಿಚಾರಣೆಯ ದಿನ ಆರೋಗ್ಯ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧಿಕಾರಿ ಸಣಕಲು ಮನುಷ್ಯ, ಊರೂರು ಸುತ್ತಿ ಬಾಗಿಲು ಹಾಕಿಸಿ ಹಾಕಿಸಿ ಬೇಸತ್ತ ಮುಖ. ಅವನ ಹಿಂದೆ ಮೊಹರು ಹಿಡಿದ ಒಬ್ಬ ಸಹಾಯಕ. ಅವನ ಮಸಿ ಪ್ಯಾಡು ಒಣಗಿಹೋಗಿತ್ತೆಂದು ಕಾಣುತ್ತದೆ. ಆಗಾಗ ಮೊಹರನ್ನು ಬಾಯಿ ಹತ್ತಿರ ಹಿಡಿದು 'ಹಾ' ಎಂದು ಉಸಿರು ಬಿಡುತ್ತಿದ್ದ.

ಅಧಿಕಾರಿ ಸಹಾಯಕನ ಜೊತೆ ಬೆಂಚಿನ ತುದಿಯಲ್ಲಿ ಕುಳಿತ. ಯಾವ ತುದಿಯೆಂದು ಹೇಳಬೇಕಾಗಿಲ್ಲ.

"ಈ ಕೇಂದ್ರದ ಬಗ್ಗೆ ಯಾರಿಗಾದ್ರೂ ದೂರು ಇದೆಯಾ?"

"ಇಲ್ಲಾ!" ಎಂದಿತು ಇಡೀ ಬೀದಿ ಒಂದೇ ಕೊರಳಿನಲ್ಲಿ.

"ಸಣ್ಣಪುಟ್ಟದ್ದು?"

"ಇಲ್ಲವೇ ಇಲ್ಲಾ!"

"ಸ್ವರ್ಗ ಸ್ವಾಮಿ ಇದು!" ಎಂದು ಬೆಂಚಿನ ಇನ್ನೊಂದು ತುದಿಯಿಂದ ಹಿಟ್ಟಿನ ಗಿರಣಿಯಾಕೆ ಭಾವಾವೇಶದಿಂದ ಎದ್ದು ನಿಂತಳು.

ಆಕೆ ಎದ್ದದ್ದೇ ತಡ, ಬೆಂಚು ತನ್ನ ಧರ್ಮ ಪಾಲಿಸಿತು. ಅಧಿಕಾರಿ ಸುಯ್ಯೆಂದು ಜಾರಿ ನೆಲಕ್ಕೆ ಕೂತ. ಅವನ ಮಡಿಲಲ್ಲಿ ಸಹಾಯಕ ಕೂತ.

"ಏನಿದು?" ಎಂದು ಅಧಿಕಾರಿ ಸಹಾಯಕನ ಕಂಕುಳಡಿಯಿಂದ ಕೂಗಿದ.

"ಏನಿಲ್ಲ ಸ್ವಾಮಿ!" ಎಂದು ಸೈಕಲ್ ಶಾಪಿನವ ಕೈಮುಗಿದ. "ಬೆಂಚು ಬಹಳ ಚೆನ್ನಾಗಿದೆ. ಸೊಂಟಕ್ಕೆ ಒಳ್ಳೇದು ಅಂತ ನಾವೇ ಹಾಗೆ ಇಟ್ಕೊಂಡಿದೀವಿ."

"ಮತ್ತೆ ಆ ನಲ್ಲಿ? ಸೋರ್ತಿದೆಯಲ್ಲ?"

"ಸೋರಲಿ ಸ್ವಾಮಿ, ತಂಪು!"

ಗಾಜಣ್ಣನಿಗೆ ತಡೆಯಲಾಗಲಿಲ್ಲ. "ಲೇ, ಏನಾದ್ರೂ ಹೇಳ್ರೋ! ನಿಮ್ಮ ದಮ್ಮಯ್ಯ! ಬೈಯ್ರೋ!" ಎಂದು ಕೈಕೈ ಹಿಸುಕಿದ.

"ನೋಡಿ ಸ್ವಾಮಿ, ನೋಡಿ! ಹೇಳಿಸ್ತಿದಾನೆ!" ಎಂದು ಬೀದಿ ಅವನ ಮೇಲೆ ಗುಡುಗಿತು. ಷಡ್ಡಕ ಜನರ ನಡುವೆ ಮರೆಯಾಗಿ, ತನಗೂ ಇವನಿಗೂ ಯಾವ ನೆಂಟಸ್ತನವೂ ಇಲ್ಲವೆಂಬಂತೆ ಚಾವಣಿ ನೋಡತೊಡಗಿದ.

ಅಧಿಕಾರಿ ಎದ್ದು ಪ್ಯಾಂಟು ಕೊಡವಿಕೊಂಡ. ಡಾಕ್ಟರಮ್ಮನ ಕಡೆ ನೋಡಿದ. ಆಕೆಯ ಕಣ್ಣು ತುಂಬಿತ್ತು. ಸಿಸ್ಟರಮ್ಮ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. "ಸರಿ, ಇನ್ನು ಪೆಟ್ಟಿಗೆ ಒಂದು ಬಾಕಿ. ಅದರಲ್ಲೂ ಇಲ್ಲ ಅಂದ್ರೆ ಮೊಹರು ಹಾಕಿ ಹೊರಡೋಣ" ಎಂದ ಅಧಿಕಾರಿ. ಸಹಾಯಕ ಮೊಹರಿಗೆ 'ಹಾ' ಎಂದ.

ಪೆಟ್ಟಿಗೆಯ ಮುಂದೆ ನಿಂತು ಅಧಿಕಾರಿ ಮೆಚ್ಚಿ ತಲೆದೂಗಿದ. ಎಡಕ್ಕೆ ಬಾಗಿದ. ಬಲಕ್ಕೆ ಬಾಗಿದ. ಕಾಲ್ಬೆರಳಿನ ಮೇಲೆ ನಿಂತು ತಲೆಯ ಭಾಗ ನೋಡಿದ. ಗಾಜಿನ ಮೇಲೆ ಬೆರಳಾಡಿಸಿದ.

"ಇದಕ್ಕೆ ಬಾಯಿ ಎಲ್ಲಿ?"

ಗಾಜಣ್ಣ ಮುಂದೆ ಬಂದ. "ಇಲ್ಲೇ ಸ್ವಾಮಿ..." ಎಂದು ಕೈ ಚಾಚಿದ. ಕೈ ಗಾಜಿಗೆ ತಗುಲಿತು. ಪಕ್ಕಕ್ಕೆ ಸರಿಸಿದ, ಗಾಜು. ಮೇಲೆ, ಗಾಜು. ಅವನ ಮುಖದ ಬಣ್ಣ ಒಂದೊಂದಾಗಿ ಇಳಿಯಿತು. "ಧೂಳು... ಧೂಳು ಹೋಗಬಾರದು ಅಂತ..." ಎಂದು ತೊದಲಿದ.

ಇಲ್ಲಿಯತನಕ ಬಾಯಿಗೆ ಬೀಗ ಹಾಕಿಕೊಂಡಿದ್ದ ಗಿರಣಿಯಾಕೆಯ ಸಹನೆ ಕಿತ್ತುಹೋಯಿತು.

"ಅದನ್ನೇ ನಾನೂ ಕೇಳಬೇಕು ಅಂತಿದ್ದೆ! ಆ ಬೆಂಚಿನ ಬಗ್ಗೆ ಚೀಟಿ ಬರ್ಕೊಂಡು ಬಂದು ಈ ಪೆಟ್ಟಿಗೆ ಸುತ್ತ ತಡಕಾಡಿದೀನಿ, ಕುರುಡಿ ಹಾಗೆ! ಚೀಟಿ ಹಾಕೋಕೆ ಒಂದು ಕಿಂಡಿ ಬೇಡ್ವಾ?"

"ನಾನೂ ಬಂದಿದ್ದೆ! ಮಾತ್ರೆ ಕೊಡೋ ಕಿಟಕಿ ತಡವಾಗಿ ತೆಗೀತಾರೆ ಅಂತ!"

"ನನ್ನ ಚೀಟಿ ನಲ್ಲಿ ಬಗ್ಗೆ! ಹಾಕೋಕಾಗದೆ ಅದರಲ್ಲೇ ಮಗು ಮೂಗು ಒರೆಸಿದೆ!"

"ಹಾಗಿದ್ರೆ ಪೆಟ್ಟಿಗೆಗೆ ಬಾಯಿಲ್ಲ ಅಂತ ಯಾಕೆ ಯಾರೂ ಹೇಳಲಿಲ್ಲ?" ಎಂದ ಅಧಿಕಾರಿ.

"ಎಲ್ಲಿ ಹೇಳೋದು ಸ್ವಾಮಿ?" ಗಿರಣಿಯಾಕೆ ಎರಡೂ ಕೈ ಚೆಲ್ಲಿದಳು. "ಹೇಳೋ ಪೆಟ್ಟಿಗೇನೇ ಅದು!"

ಅಧಿಕಾರಿಯ ಬೇಸತ್ತ ಮುಖದಲ್ಲಿ ಜೀವದ ಕಳೆ ಮೂಡಿತು. ಪೆನ್ನು ತೆಗೆದ. "ಹಾಗೆ ಬನ್ನಿ ದಾರಿಗೆ. ಆದರೆ ಹೀಗೆ ಗುಂಪಲ್ಲಿ ಕೂಗಿದ್ದು ನಿಯಮದಲ್ಲಿ ದೂರು ಆಗಲ್ಲ. ಒಬ್ಬರು ಮುಂದೆ ಬಂದು, ಸ್ವಂತ ಹೆಸರು ಹೇಳಿ, ಕೇಂದ್ರಕ್ಕೆ ಸೇರಿದ ಇಂಥವರ ಮೇಲೆ ಅಂತ ಹೇಳಬೇಕು. ಯಾರು ಮೊದಲು?"

ಜನಕ್ಕೆಲ್ಲ ಒಟ್ಟಿಗೇ ಎಚ್ಚರವಾಯಿತು. ಅಯ್ಯಯ್ಯೋ, ಬಾಯಿ ಬಿಟ್ಟೆವಲ್ಲ! ಒಬ್ಬೊಬ್ಬರೇ ಹಿಂದೆ ಸರಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸಿಸ್ಟರಮ್ಮನ ಮೇಲೆ, ಡಾಕ್ಟರಮ್ಮನ ಮೇಲೆ ಹೆಸರು ಹಾಕಿ ಹೇಳಲು ಯಾರಿಗೆ ಮನಸ್ಸು ಬಂದೀತು? ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕತೊಡಗಿದ.

ಆಗ ಹಿಂದಿನಿಂದ ಕೋಲಿನ ಟಕ್ ಟಕ್ ಕೇಳಿತು. ಜನ ದಾರಿ ಬಿಟ್ಟರು. ಪಟ್ಟಿ ಕಟ್ಟಿದ ಕಾಲನ್ನು ಎಳೆಯುತ್ತಾ ಗಾಜಣ್ಣನ ಅಮ್ಮ ಬಂದು ಅಧಿಕಾರಿಯ ಎದುರು ನಿಂತಳು.

"ನಂದು ಬರ್ಕೊಳ್ಳಪ್ಪಾ. ನನ್ನ ಹೆಸರೂ ಬರ್ಕೋ. ದೂರು ಇವನ ಮೇಲೆ." ಕೋಲು ಎತ್ತಿ ಮಗನ ಎದೆಗೆ ಇಟ್ಟಳು. "ನನ್ನ ಮಗ. ಇಲ್ಲಿನ ಸಾರ್ವಜನಿಕ ಸದಸ್ಯ. ಕೇಂದ್ರಕ್ಕೆ ಸೇರಿದವನು ಹೌದೋ ಅಲ್ವೋ?"

"ಹೌದು ತಾಯಿ, ನಿಯಮದ ಪ್ರಕಾರ ಸೇರಿದವನೇ."

"ಹಾಗಾದ್ರೆ ಬರ್ಕೋ. ಚಿಕ್ಕೋನಿಂದಲೂ ಇವನಿಗೆ ಒಂದು ಖಾಯಿಲೆ, ಕಂಡದ್ದಕ್ಕೆಲ್ಲ ಗಾಜು ಹಾಕೋದು. ಊರು ಮಾತಾಡಲಿ ಅಂತ ಪೆಟ್ಟಿಗೆ ಕೊಟ್ರೆ ಅದರ ಬಾಯಿ ಮುಚ್ಚಿ ಚಿನ್ನದ ಪಟ್ಟಿ ಬಡಿದಿದಾನೆ. ಇಷ್ಟು ಜನ ಇಷ್ಟು ದಿನ ಮುರಿದ ಬೆಂಚಿಂದ ಬೀಳ್ತಾ ಇದ್ರೂ ಖಾಲಿ, ಖಾಲಿ ಅಂತ ಜಂಬ ಹೊಡೆದಿದಾನೆ. ಇಂಥವನನ್ನ ಇಟ್ಕೊಂಡ್ರೆ ಯಾವ ಆಸ್ಪತ್ರೆ ಉದ್ಧಾರ ಆಗುತ್ತೆ? ತೆಗೆದುಹಾಕಿ!"

ಗಾಜಣ್ಣ ಅಮ್ಮನ ಮುಖ ನೋಡಿದ. ಅಮ್ಮ ಅವನ ಮುಖ ನೋಡಲಿಲ್ಲ. ಆದರೆ ಎದೆಗೆ ಇಟ್ಟ ಕೋಲಿನ ತುದಿಯಿಂದ ಮೆಲ್ಲಗೆ ಎರಡು ಸಲ ತಟ್ಟಿದಳು, ಮಗುವನ್ನು ಮಲಗಿಸುವಾಗ ತಟ್ಟುವ ಹಾಗೆ. ಇಂಥ ತಾಯಿ ಯಾರಿಗುಂಟು!

"ನಿಜ ಸ್ವಾಮಿ! ಎಲ್ಲಾ ನಿಜ!" ಎಂದು ಕೂಗಿದ. "ಇನ್ನೂ ಇದೆ, ಬರ್ಕೊಳ್ಳಿ! ಒಂದು ಸಲವೂ ನಾನು ಪೆಟ್ಟಿಗೆ ತೆರೆದಿಲ್ಲ! ತೆರೆಯೋಕೆ ಬಾಗಿಲೇ ಇಟ್ಟಿಲ್ಲ!"

ಗಾಜಣ್ಣನ ಮೇಲಾದರೆ ದೂರು ಕೊಡಬಹುದು ಎಂದು ತಿಳಿದ ಕೂಡಲೇ ಬೀದಿಗೆ ಹೋದ ಜೀವ ಬಂತು. ಅಮ್ಮನ ಹಿಂದೆ ಸಾಲು ನಿಂತಿತು. ಬೆಂಚು ಸರಿಯಿಲ್ಲ, ಅದನ್ನು ಗಾಜಣ್ಣ ವರದಿ ಮಾಡಿಲ್ಲ. ನಲ್ಲಿ ಸೋರುತ್ತದೆ, ಗಾಜಣ್ಣ ನೋಡಿಲ್ಲ. ಕಿಟಕಿ ತಡ, ಗಾಜಣ್ಣ ಕೇಳಿಲ್ಲ. ಮಾವನವರ ಗೊರಕೆಯ ಸೊಸೆಯೂ ಬಂದಳು. ಗಾಜಣ್ಣ ಕ್ರಮ ಕೈಗೊಂಡಿಲ್ಲ. ಕೊನೆಗೆ ಹೆಂಡತಿಯೂ ಹರಿದ ಸೀರೆ ಹಿಡಿದು ನಿಂತಳು. ಅಧಿಕಾರಿ ಹಸಿದವನು ಊಟಕ್ಕೆ ಕೂತಂತೆ ಬರೆದ. ದೂರು ಬರೆಸಲು ಅವನ ನಿಜವಾದ ಹೆಸರು ಹೇಳಬೇಕಾಗಿ ಬಂದಾಗ ಬೀದಿಯವರು ಅದನ್ನು ಮೊದಲ ಸಲ ಕೇಳಿದರು. ಯಾರಿಗೂ ಹಿಡಿಸಲಿಲ್ಲ, ಮನೆ ಮುಟ್ಟುವಷ್ಟರಲ್ಲಿ ಮರೆತರು.

"ಇಷ್ಟು ಜೀವಂತವಾದ ಕೇಂದ್ರ ನಾನು ಈ ವರ್ಷ ನೋಡಿಯೇ ಇಲ್ಲ" ಎಂದು ಅಧಿಕಾರಿ ಡಾಕ್ಟರಮ್ಮನಿಗೆ ಹೇಳಿದ. "ಮುಚ್ಚೋ ಮಾತೇ ಇಲ್ಲ." ಬಿದ್ದಾಗ ತರಚಿದ ಅವನ ಮೊಣಕೈಗೆ ಸಿಸ್ಟರಮ್ಮ ಪಟ್ಟಿ ಕಟ್ಟುತ್ತಾ ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗುವಂತಿರಲಿಲ್ಲ. ಹೊರಗೆ ಗಿರಣಿಯಾಕೆ ಗಾಜಣ್ಣನ ಬೆನ್ನಿಗೆ ಪ್ರೀತಿಯಿಂದ ಗುದ್ದಿದಳು. ಆ ಗುದ್ದಿಗೆ ಅವನೂ ಒಳಗೆ ಹೋಗಿ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು.

ಸ್ವಲ್ಪ ದಿನಕ್ಕೆ ನಾಲ್ಕು ಕಾಲೂ ಇರುವ ಬೆಂಚು ಬಂತು. 'ಕರ್ತವ್ಯಲೋಪದ ಕಾರಣ ತಮ್ಮನ್ನು ಸದಸ್ಯತ್ವದಿಂದ ತೆಗೆದುಹಾಕಲಾಗಿದೆ' ಎಂಬ ಆದೇಶವೂ ಬಂತು. ಅದನ್ನು ಓದಲು ಬಂದ ಷಡ್ಡಕ ಈ ಸಲ ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ತನ್ನ ಅಷ್ಟು ದೊಡ್ಡ ಗೋಡೆಯಲ್ಲಿ ಇಂಥದ್ದೊಂದು ಇಲ್ಲವೆಂದು ಅವನಿಗೆ ಹೊಳೆದಿತ್ತು.

"ಮೇಲಿನಿಂದಲೇ ತೆಗೆದಿದಾರಾ?" ಎಂದು ಸಣ್ಣ ದನಿಯಲ್ಲಿ ಕೇಳಿದ. "ನನ್ನನ್ನ ಇದುವರೆಗೆ ಯಾರೂ ಯಾವುದರಿಂದಲೂ ತೆಗೆದೇ ಹಾಕಿಲ್ಲಪ್ಪ."

"ತೆಗೆದುಹಾಕಬೇಕು ಅಂದ್ರೆ ಮೊದಲು ಏನಾದ್ರೂ ಆಗಿರಬೇಕಲ್ಲ ಅಣ್ಣಾ" ಎಂದ ಗಾಜಣ್ಣ, ಬಹಳ ವಿನಯದಿಂದ.

ಗಾಜಣ್ಣನ ಜಾಗಕ್ಕೆ ಹಿಟ್ಟಿನ ಗಿರಣಿಯಾಕೆ ಬಂದಳು. ಹೊಸ ಪೆಟ್ಟಿಗೆಯನ್ನು ಗಾಜಣ್ಣನೇ ಮಾಡಿಕೊಡಬೇಕೆಂದು ಅಮ್ಮ ಕೋಲು ಹಿಡಿದು ಅಂಗಡಿಯಲ್ಲೇ ಕುಳಿತು ಮಾಡಿಸಿದಳು. ಅವನ ಕೈ ಗಾಜಿನ ಕಡೆ ಹೋದಾಗಲೆಲ್ಲ ಗಿಣ್ಣಿಗೆ ಒಂದು ಬೀಳುತ್ತಿತ್ತು. ಪೆಟ್ಟಿಗೆಗೆ ಒಂದು ಬಾಯಿ ಇಟ್ಟ, ಬೆಕ್ಕೊಂದು ನುಗ್ಗಿ ಮಲಗುವಷ್ಟು ದೊಡ್ಡದು.

ಮೊದಲ ಸಲ ಅದನ್ನು ತೆರೆದ ದಿನ ಇಡೀ ಬೀದಿ ಸೇರಿತ್ತು. ಒಳಗೆ ಒಂದೇ ಒಂದು ಚೀಟಿ. ಗಿರಣಿಯಾಕೆ ಕೈಯ ಹಿಟ್ಟು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದಳು:

"ಸ್ವಾಮಿ, ನನ್ನನ್ನು ತೆಗೆದುಹಾಕಿದ ಆದೇಶದ ಮೇಲೆ ಮೊಹರು ಸರಿಯಾಗಿ ಬಿದ್ದಿಲ್ಲ. ಅರ್ಧ ಕದಡಿದೆ, ಅರ್ಧ ಮೂಡಿಯೇ ಇಲ್ಲ. ಹೀಗೆ ಗೋಡೆಗೆ ಹಾಕಿದರೆ ನೋಡಿದವರು ಏನೆಂದಾರು? ದಯವಿಟ್ಟು ಪ್ಯಾಡಿಗೆ ಮಸಿ ಹಾಕಿಸಿ, ನನ್ನನ್ನು ಇನ್ನೊಂದು ಸಲ ತೆಗೆದುಹಾಕಬೇಕಾಗಿ ವಿನಂತಿ."